ಎಟಿವಿ ಚಕ್ರದ ಹಳೇ ಟೈರ್ ಡಿಸ್ಕ್ ಬಿಡುತ್ತಿಲ್ಲ, ಮನೆಯಲ್ಲೇ ಬಿಚ್ಚಿದವರು ಯಾರಾದರೂ ಇದ್ದೀರಾ?

ತಿಕೋಟಾ_ದ್ರಾಕ್ಷಿ

ನಮಸ್ಕಾರ ಎಲ್ಲರಿಗೂ. ತೋಟದ ಕೆಲಸಕ್ಕೆ ಅಂತ ಒಂದು ಹಳೇ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಸಣ್ಣ ಗಾಡಿ) ಕೊಂಡಿದ್ದೇವೆ. ದ್ರಾಕ್ಷಿ ಸಾಲಿನ ನಡುವೆ ಸಣ್ಣ ಟ್ರೇಲರ್ ಎಳೆಯುವುದು, ಕ್ರೇಟ್ ಸಾಗಿಸುವುದು, ಔಷಧಿ ಟ್ಯಾಂಕ್ ಒಯ್ಯುವುದು, ಇಷ್ಟೇ ಅದರ ಕೆಲಸ. ಮುಂದಿನ ಟೈರ್ 25×8-12, ಹಿಂದಿನದು 25×10-12. ಹಿಂದಿನ ಎರಡೂ ಸೀಳು ಬಿಟ್ಟಿವೆ. ಜಾಲಿ ಮುಳ್ಳು ಹೊಕ್ಕು ಹೊಕ್ಕು ಜರಡಿ ಆಗಿವೆ.

ಹೊಸ ಟೈರ್ ಬಂದು ಪಡಸಾಲೆಯಲ್ಲಿ ಕೂತಿವೆ. ಹಳೆಯವು ಡಿಸ್ಕ್ (ಟೈರ್ ಕೂರುವ ಲೋಹದ ರಿಮ್) ಬಿಡುತ್ತಿಲ್ಲ. ಗಾಳಿ ಇಳಿಸಿದ್ದೇನೆ. ಮೇಲೆ ಹತ್ತಿ ಕುಣಿದರೂ ಟೈರ್ ಸುಮ್ನೆ ಮಡಚುತ್ತದೆ, ಅಂಚು ಮಾತ್ರ ಅಲ್ಲಾಡಲ್ಲ. ಹಾರೆ ಹಾಕೋಣ ಅಂದರೆ ಅಪ್ಪ ಬೇಡ ಅನ್ನುತ್ತಾರೆ. ಅಲ್ಯೂಮಿನಿಯಂ ಡಿಸ್ಕ್, ಸೊಟ್ಟ ಆದರೆ ಇನ್ನೊಂದು ಎಲ್ಲಿ ಹುಡುಕೋದು ಅನ್ನೋದು ಅವರ ಚಿಂತೆ. ಸರಿನೇ.

ಮನೆಯಲ್ಲಿ ಇರುವುದು ಟ್ರ್ಯಾಕ್ಟರ್, ಟ್ರೇಲರ್, ಹೈಡ್ರಾಲಿಕ್ ಬಾಟಲ್ ಜಾಕ್, ಸಣ್ಣ ಕಂಪ್ರೆಸರ್, ಪಾನಾ ಸೆಟ್. ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ) ಶುರು ಆಗುವುದರೊಳಗೆ ಗಾಡಿ ಓಡಬೇಕು. ಏನು ಮಾಡಲಿ?

ನವನಗರ_ಬುಲೆಟ್

ಪಂಕ್ಚರ್ ಅಂಗಡಿಗೆ ಒಯ್ದು ಎಸೆದರೆ ಅರ್ಧ ತಾಸಿನ ಕೆಲಸ. ಇದಕ್ಕೂ ಚರ್ಚೆ ಬೇಕಾ ಮಾರಾಯ?

ತಿಕೋಟಾ_ದ್ರಾಕ್ಷಿ

ಒಯ್ದಿದ್ದೆ ಅಣ್ಣಾ. ಕಾರಿನ ಟೈರ್ ಬಿಚ್ಚುವ ಮಷಿನ್ ಇರುವವರು ನೋಡಿದರು, ಹಿಡಿತ ಸಿಗಲ್ಲ ಅಂದರು. ಲಾರಿ ಟೈರ್ ನೋಡುವವರು ದೊಡ್ಡ ಸುತ್ತಿಗೆ ತೆಗೆದರು. ನಾನೇ ಬೇಡ ಅಂದು ವಾಪಸ್ ತಂದೆ.

ಜಮಖಂಡಿ_ಕಬ್ಬು

ಟ್ರ್ಯಾಕ್ಟರ್ ಇದೆ ಅಂತೀರಿ. ಟೈರ್ ನೆಲಕ್ಕೆ ಮಲಗಿಸಿ, ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಅದರ ಪಕ್ಕದ ಮೇಲೆ ಹತ್ತಿಸಿ. ಟಪ್ ಅಂತ ಬಿಡುತ್ತದೆ. ನಮ್ಮಲ್ಲಿ ಕಬ್ಬಿನ ಸೀಸನ್‌ನಲ್ಲಿ ಟ್ರೇಲರ್ ಟೈರ್ ಹೀಗೇ ಬಿಡಿಸ್ತೀವಿ. ಯಾರನ್ನೂ ಕೇಳಲ್ಲ.

ಹಳೇ_ಪಂಕ್ಚರ್_ಅಂಗಡಿ

ಜಮಖಂಡಿ ತಮ್ಮಾ, ಟ್ರೇಲರ್ ಡಿಸ್ಕ್ ಕಬ್ಬಿಣ. ಗಾಲಿ ಒಂದು ಗೇಣು ಅತ್ತ ಇತ್ತ ಆದರೂ ತಡಕೊಳ್ಳುತ್ತದೆ. ಇವರದು ಅಲ್ಯೂಮಿನಿಯಂ. ಟ್ರ್ಯಾಕ್ಟರ್ ಗಾಲಿ ಜಾರಿ ಡಿಸ್ಕಿನ ಅಂಚಿನ ಮೇಲೆ ಕೂತರೆ ಅಂಚು ಮುರಿದೇ ಹೋಗುತ್ತದೆ. ಆಮೇಲೆ ಟ್ಯೂಬ್‌ಲೆಸ್ ಟೈರ್ ಗಾಳಿ ನಿಲ್ಲಿಸಲ್ಲ.

ತಿಕೋಟಾದವರೇ, ಮೊದಲು ಒಂದು ಮಾತು ಹೇಳಿ. ಗಾಳಿ ಇಳಿಸಿದ್ದೀರಿ ಅಂದಿರಲ್ಲ, ಪಿನ್ ಒತ್ತಿ ಇಳಿಸಿದ್ದೋ, ವಾಲ್ವ್ ಪಿನ್ ಪೂರ್ತಿ ಬಿಚ್ಚಿ ತೆಗೆದಿದ್ದೋ? ಪಿನ್ ಒಳಗೇ ಇದ್ದರೆ ನೀವು ಒತ್ತಿದಾಗೆಲ್ಲ ಒಳಗಿನ ಗಾಳಿ ಹೊರಗೆ ಹೋಗೋಕೆ ದಾರಿ ಇರಲ್ಲ. ಅದು ತಿರುಗಿ ನಿಮ್ಮನ್ನೇ ತಳ್ಳುತ್ತದೆ.

ತಿಕೋಟಾ_ದ್ರಾಕ್ಷಿ

ಪಿನ್ ಈಗ ಬಿಚ್ಚಿದೆ ಕಾಕಾ. ಇನ್ನೂ ಸ್ವಲ್ಪ ಗಾಳಿ ಬಂತು! ಆದರೂ ಅಂಚು ಗಟ್ಟಿಯಾಗೇ ಇದೆ.

ಉದ್ಯಮಬಾಗ_ಫಿಟ್ಟರ್

ಬೆಳಗಾವಿಯಿಂದ. ನಮ್ಮ ವರ್ಕ್‌ಶಾಪಿಗೂ ಇಂಥವು ಆಗಾಗ ಬರುತ್ತವೆ. ಯಾಕೆ ಬಿಡಲ್ಲ ಅನ್ನೋದು ತಿಳಿದರೆ ಹೇಗೆ ಬಿಡಿಸಬೇಕು ಅನ್ನೋದೂ ತಿಳಿಯುತ್ತದೆ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಸುತ್ತು ಇದೆ. ಅದೇ ಬೀಡ್. ಅದು ಹಿಗ್ಗಲ್ಲ. ಕಾರಿನ ಟೈರಿಗೆ ಸುಮಾರು 30 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಗಾಳಿ ಇರುತ್ತದೆ, ಆ ಒತ್ತಡವೇ ಬೀಡನ್ನು ಡಿಸ್ಕಿಗೆ ಅಂಟಿಸಿ ಹಿಡಿಯುತ್ತದೆ. ಎಟಿವಿ ಓಡುವುದು ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐನಲ್ಲಿ. ಅಷ್ಟು ಕಡಿಮೆ ಗಾಳಿಯಲ್ಲಿ ಕಲ್ಲಿಗೆ ಬಡಿದರೆ, ತಿರುವಿನಲ್ಲಿ ಎಳೆದರೆ ಬೀಡ್ ಕಳಚಬಾರದು. ಅದಕ್ಕೆ ಬೀಡ್ ಕೂರುವ ಜಾಗದ ಒಳಬದಿಗೆ ಡಿಸ್ಕಿನ ಸುತ್ತ ಒಂದು ಉಬ್ಬು ಮಾಡಿರುತ್ತಾರೆ. ಬೀಡ್ ಆ ಉಬ್ಬನ್ನು ದಾಟಿ ಒಳಗೆ ಜಾರಬೇಕು. ನೀವು ಟೈರಿನ ಮೇಲೆ ಕುಣಿದರೆ ಭಾರ ಎಲ್ಲಾ ರಬ್ಬರ್ ಮಡಚುವುದಕ್ಕೆ ಹೋಗುತ್ತದೆ, ಬೀಡಿನವರೆಗೆ ಬರುವುದೇ ಇಲ್ಲ. ಒತ್ತಡ ಬೀಳಬೇಕಾದ್ದು ಡಿಸ್ಕಿನ ಅಂಚಿಗೆ ತಾಗಿ, ಒಂದೆರಡು ಬೆರಳಿನ ಅಗಲದಲ್ಲಿ.

ನಿಮ್ಮ ಹತ್ತಿರ ಬಾಟಲ್ ಜಾಕ್, ಟ್ರೇಲರ್ ಎರಡೂ ಇವೆ. ಸಾಕು. ಟ್ರೇಲರ್ ಅನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಟ್ರ್ಯಾಕ್ಟರಿಗೆ ಸಿಗಿಸಿಯೇ ಇರಲಿ, ಗಾಲಿಗಳಿಗೆ ಕಲ್ಲು ಕೊಡಿ. ಒಳಗೆ ಒಂದಿಷ್ಟು ಭಾರ ಇದ್ದರೆ ಒಳ್ಳೆಯದು. ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿ. ಚಕ್ರದ ಕೆಳಗೆ ಡಿಸ್ಕಿಗೆ ಮಾತ್ರ ಆಸರೆ ಆಗುವಂತೆ ಮರದ ತುಂಡು ಇಡಿ. ಇಲ್ಲದಿದ್ದರೆ ಡಿಸ್ಕೂ ಟೈರೂ ಕೂಡಿಯೇ ಕೆಳಗೆ ಹೋಗುತ್ತವೆ, ಏನೂ ಪ್ರಯೋಜನ ಇಲ್ಲ. ಟೈರಿನ ಮೇಲೆ ಡಿಸ್ಕಿನ ಅಂಚಿಗೆ ತಾಗಿಸಿ ಇನ್ನೊಂದು ಗಟ್ಟಿ ಮರದ ತುಂಡು ಇಟ್ಟು, ಅದರ ಮೇಲೆ ಜಾಕ್ ನೆಟ್ಟಗೆ ನಿಲ್ಲಿಸಿ. ಜಾಕಿನ ತಲೆ ಚಾಸಿಗೆ ತಾಗಲಿ. ನಿಧಾನ ಏರಿಸಿ. ನಡುನಡುವೆ ಸೋಪಿನ ನೀರು ಸುರಿಯಿರಿ.

ಒಂದೇ ಕಡೆ ಪೂರ್ತಿ ಒತ್ತಬೇಡಿ. ಸ್ವಲ್ಪ ಒತ್ತಿ, ಇಳಿಸಿ, ಚಕ್ರ ಒಂದು ಗೇಣು ತಿರುಗಿಸಿ, ಮತ್ತೆ ಒತ್ತಿ. ಒಂದು ಜಾಗದಲ್ಲಿ ಬಿಟ್ಟಿತು ಅಂದರೆ ಉಳಿದದ್ದು ಕಾಲಲ್ಲಿ ತುಳಿದರೂ ಬಿಡುತ್ತದೆ. ಜಾಕ್ ವಾಲಿದ್ದು ಕಂಡರೆ ತಕ್ಷಣ ಇಳಿಸಿ. ಒತ್ತಡ ಇರುವಾಗ ಕೈ, ಮುಖ ಎರಡೂ ದೂರ ಇರಲಿ.

ಇಂಡಿ_ನಿಂಬೆ

ಇಷ್ಟೆಲ್ಲ ಸೋಪು ಯಾಕೆ, ಡೀಸೆಲ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ತಾನೇ ಜಾರುತ್ತದೆ.

ಹಳೇ_ಪಂಕ್ಚರ್_ಅಂಗಡಿ

ಡೀಸೆಲ್ ಬೇಡ. ಸೀಮೆಎಣ್ಣೆ, ಗ್ರೀಸ್, ಹಳೇ ಎಂಜಿನ್ ಆಯಿಲ್, ಇವೂ ಬೇಡ. ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ. ಹಳೇ ಟೈರ್ ಹಾಳಾದರೆ ಆಗಲಿ ಅನ್ನಬಹುದು. ಆದರೆ ಡಿಸ್ಕಿನಲ್ಲಿ ಉಳಿದ ಎಣ್ಣೆ ಹೊಸ ಟೈರಿಗೂ ಹತ್ತುತ್ತದೆ. ಜೊತೆಗೆ ಗಾಡಿ ಜಗ್ಗಿದಾಗ ಟೈರ್ ಡಿಸ್ಕಿನ ಮೇಲೆ ಜಾರಿ ತಿರುಗುತ್ತದೆ. ಸೋಪಿನ ನೀರು ಆದರೆ ಒಣಗಿ ಹೋಗುತ್ತದೆ. ಅದೇ ಅದರ ಗುಣ. ಅಂಗಡಿಯಲ್ಲಿ ಟೈರ್ ಪೇಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು.

ಇಂಡಿ_ನಿಂಬೆ

ನಾವು ಎಷ್ಟೋ ವರ್ಷದಿಂದ ಡೀಸೆಲೇ ಹಾಕ್ತಿದ್ದೀವಿ, ಏನೂ ಆಗಿಲ್ಲ.

ಉದ್ಯಮಬಾಗ_ಫಿಟ್ಟರ್

ಟ್ಯೂಬ್ ಇರುವ ಟೈರಿಗೆ ಹಾಕಿ "ಏನೂ ಆಗಿಲ್ಲ" ಅನ್ನಬಹುದು, ಗಾಳಿ ಹಿಡಿಯುವುದು ಟ್ಯೂಬ್. ಇಲ್ಲಿ ಬೀಡೇ ಗಾಳಿ ತಡೆಯಬೇಕು. ತುಕ್ಕು ಬಿಡಿಸುವ ಸ್ಪ್ರೇ ಬೇಕೇ ಬೇಕು ಅನಿಸಿದರೆ ಡಿಸ್ಕಿನ ಅಂಚಿಗೆ ಮಾತ್ರ ಸ್ವಲ್ಪ ಹೊಡೆಯಿರಿ. ಟೈರ್ ಬಂದ ಮೇಲೆ ಡಿಸ್ಕನ್ನು ಸೋಪು ಹಾಕಿ ತೊಳೆದು ಒರೆಸಿ.

ಮುಧೋಳ_ಹುಲಿ

ಸುಟ್ಟುಬಿಡಿ! ಹಳೇ ಟೈರ್ ತಾನೇ. ಒಂದು ಲೀಟರ್ ಪೆಟ್ರೋಲ್, ಒಂದು ಕಡ್ಡಿ. ಮುಗೀತು 😄

ಹಳೇ_ಪಂಕ್ಚರ್_ಅಂಗಡಿ

ತಮಾಷೆಗೂ ಬರೀಬೇಡಪ್ಪಾ. ಯಾರಾದರೂ ಹುಡುಗರು ಓದಿ ಮಾಡಿಬಿಟ್ಟಾರು. ಅಲ್ಯೂಮಿನಿಯಂ ಬಿಸಿಗೆ ಬಲ ಕಳೆದುಕೊಳ್ಳುತ್ತದೆ. ನೋಡೋಕೆ ಹಾಗೇ ಇರುತ್ತದೆ, ಭಾರ ಬಿದ್ದಾಗ ಬಿರುಕು ಬಿಡುತ್ತದೆ. ಗಾಳಿ ಇರುವ ಟೈರಿಗೆ ಬಿಸಿ ತಗುಲಿದರಂತೂ ಸಿಡಿಯುತ್ತದೆ. ಡಿಸ್ಕಿಗೆ ವೆಲ್ಡಿಂಗ್ ಮಾಡುವಾಗ ಟೈರ್ ಬಿಚ್ಚಲೇಬೇಕು ಅನ್ನೋದು ಇದಕ್ಕೇ.

ನವನಗರ_ಬುಲೆಟ್

ಮತ್ತೆ ಗ್ರೈಂಡರ್‌ನಲ್ಲಿ ಕೊಯ್ದರೆ? ಹೇಗೂ ಎಸೆಯುವ ಟೈರ್.

ಉದ್ಯಮಬಾಗ_ಫಿಟ್ಟರ್

ಕೊಯ್ಯಬಹುದು, ಆದರೆ ಅದು ಕೊನೆಯ ದಾರಿ. ಪಕ್ಕದ ರಬ್ಬರನ್ನು ಚಾಕುವಿನಲ್ಲಿ ಸುತ್ತ ಕೊಯ್ದರೂ ಬೀಡಿನ ಉಂಗುರ ಡಿಸ್ಕಿಗೆ ಅಂಟಿಕೊಂಡೇ ಉಳಿಯುತ್ತದೆ. ಅಂಟಿರುವುದೇ ಅದು ಅಲ್ವಾ? ಆ ತಂತಿ ಕೊಯ್ಯಲು ಗ್ರೈಂಡರ್ ಬೇಕು, ಬ್ಲೇಡ್ ಎರಡು ಮಿಲಿಮೀಟರ್ ಜಾಸ್ತಿ ಇಳಿದರೆ ಗಾಳಿ ನಿಲ್ಲಬೇಕಾದ ಜಾಗದಲ್ಲೇ ಗೆರೆ. ಹೊಗೆ ಬೇರೆ. ಜಾಕ್ ಇರುವಾಗ ಈ ಉಸಾಬರಿ ಯಾಕೆ?

ಬಬಲೇಶ್ವರ_ಮಣೂಕ

ತಿಕೋಟಾದವರೇ, ನೀವು ಈ ಗಾಡಿಯಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಟ್ಯಾಂಕ್ ಒಯ್ಯುತ್ತೀರಾ? ಹಾಗಿದ್ದರೆ ಡಿಸ್ಕಿನ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿದೆಯಾ ನೋಡಿ.

ತಿಕೋಟಾ_ದ್ರಾಕ್ಷಿ

ಹೌದ್ರೀ! ಬಿಳಿ ಪುಡಿ, ಅಲ್ಲಲ್ಲಿ ಹಸಿರು ನೀಲಿ ಕಲೆ. ನಾನು ಸುಣ್ಣ ಅಂದುಕೊಂಡಿದ್ದೆ.

ಬಬಲೇಶ್ವರ_ಮಣೂಕ

ಸುಣ್ಣವೂ ಇರಬಹುದು. ಆದರೆ ಕೆರೆದರೆ ಕೆಳಗೆ ಗುಳಿ ಗುಳಿ ಕಂಡರೆ ಅದು ಅಲ್ಯೂಮಿನಿಯಂ ತಿಂದು ಹೋದದ್ದು. ಮೈಲುತುತ್ತದಲ್ಲಿ ಇರುವುದು ತಾಮ್ರ. ತಾಮ್ರದ ನೀರು ಅಲ್ಯೂಮಿನಿಯಂ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ಸುಣ್ಣದ ನೀರು ಅಲ್ಯೂಮಿನಿಯಂ ಮೇಲಿನ ಕಾಪಾಡುವ ಪದರವನ್ನು ಕರಗಿಸುತ್ತದೆ. ಎರಡೂ ಸೇರಿ ಬೀಡ್ ಮತ್ತು ಡಿಸ್ಕಿನ ಸಂದಿನಲ್ಲಿ ನಿಂತರೆ ಪುಡಿ ಉಬ್ಬಿ ಟೈರನ್ನು ಬೆಣೆ ಹೊಡೆದು ಕೂರಿಸಿಬಿಡುತ್ತದೆ. ನಮ್ಮ ಸ್ಪ್ರೇಯರ್ ಟ್ರಾಲಿಯ ಚಕ್ರವೂ ಹೀಗೇ ಹಿಡಿದುಕೊಂಡಿತ್ತು.

ಸಿಂಪರಣೆ ಮುಗಿದ ದಿನವೇ ಚಕ್ರಗಳಿಗೆ ಬರೀ ನೀರು ಹೊಡೆದು ತೊಳೆಯಿರಿ. ಟ್ಯಾಂಕ್ ತೊಳೀತೀವಿ, ನಳಿಕೆ ತೊಳೀತೀವಿ, ಚಕ್ರ ಮರೀತೀವಿ.

ಇಂಡಿ_ನಿಂಬೆ

ಸುಣ್ಣ ಸರಿ ಹಾಕಿದರೆ ಬೋರ್ಡೋ ಏನೂ ತಿನ್ನಲ್ಲ ಅಂತಾರಲ್ಲ?

ಬಬಲೇಶ್ವರ_ಮಣೂಕ

ಕಬ್ಬಿಣದ ಮಟ್ಟಿಗೆ ಅದು ಸರಿ. ಶೇ 1ರ ದ್ರಾವಣ ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಪ್ಲಾಸ್ಟಿಕ್ ಪೀಪಾಯಿಯಲ್ಲೇ ಮಾಡಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕುಡಗೋಲು ಒಂದು ನಿಮಿಷ ಅದ್ದಿ ನೋಡಬೇಕು. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಜಾಸ್ತಿ ಆದ ದ್ರಾವಣ ಕಬ್ಬಿಣಕ್ಕೆ ಒಳ್ಳೆಯದು, ಅಲ್ಯೂಮಿನಿಯಂಗೆ ಅಲ್ಲ. ಕುಡಗೋಲು ಪರೀಕ್ಷೆ ಬೆಳೆಗೆ ಸುಡು ತಾಗಬಾರದು ಅಂತ ಇರುವುದು, ನಿಮ್ಮ ಗಾಡಿಯ ಡಿಸ್ಕಿಗೆ ಅಂತ ಅಲ್ಲ.

ಗೋಕಾಕ_ನೀರು

ಟೈರ್ ಬಿಚ್ಚೋದು ಓದೋಕೆ ಬಂದೆ, ದ್ರಾಕ್ಷಿ ಔಷಧಿ ಕಲಿತು ಹೋಗ್ತಿದ್ದೀನಿ.

ಖಾನಾಪುರ_ಕಾಡು

ನಮ್ಮದು ಜಾಂಬೋಟಿ ಕಡೆ ಹೋಮ್‌ಸ್ಟೇ. ಪ್ರವಾಸಿಗರಿಗೆ ಅಂತ ಸಣ್ಣ ಎಟಿವಿಗಳನ್ನು ಇಟ್ಟಿದ್ದೇವೆ, 8 ಇಂಚಿನ ಡಿಸ್ಕಿನವು. ಮಳೆಗಾಲ ಪೂರ್ತಿ ಕೆಸರಲ್ಲೇ ಓಡುತ್ತವೆ, ತುಕ್ಕು ಹಿಡಿಯದೆ ಏನು ಮಾಡುತ್ತವೆ. ಮೆಕ್ಯಾನಿಕ್ ಬೆಳಗಾವಿಯಿಂದ ಬರುವವರೆಗೆ ಕಾಯೋಕೆ ಆಗಲ್ಲ, ಆದ್ದರಿಂದ ನಾನೇ ಕಲಿತುಕೊಂಡೆ.

ಜಾಕ್ ವಿಧಾನ ಚೆನ್ನಾಗಿದೆ, ಆದರೆ ನನಗೆ ಅದಕ್ಕಿಂತ ಸನ್ನೆ ಇಷ್ಟ. ಉದ್ದನೆಯ ಗಟ್ಟಿ ತೊಲೆಯ ಒಂದು ತುದಿಯನ್ನು ಜೀಪಿನ ಚಾಸಿಯ ಕೆಳಗೆ ಸಿಗಿಸುತ್ತೇವೆ. ಆ ತುದಿಯಿಂದ ಒಂದು ಅಡಿಗೆ ಒಂದು ಮರದ ತುಂಡು, ಅದು ನೇರ ಬೀಡಿನ ಮೇಲೆ. ಆರು ಅಡಿ ದೂರದಲ್ಲಿ 70 ಕಿಲೋ ಮನುಷ್ಯ ತೊಲೆ ಮೇಲೆ ಕೂತರೆ ಬೀಡಿನ ಮೇಲೆ ಸುಮಾರು 420 ಕಿಲೋ ಬೀಳುತ್ತದೆ. ಜಾಕ್ ಜಾರುವ ಭಯ ಇಲ್ಲ. ಬಿಟ್ಟ ಕೂಡಲೇ ಎದ್ದರೆ ಒತ್ತಡ ಹೋಯಿತು. ನಮ್ಮ ಯಜಮಾನರ ತೂಕ ಜಾಸ್ತಿ, ಅವರು ಕೂತರೆ ಇನ್ನೂ ಬೇಗ.

ತೀರಾ ಸಣ್ಣ ಚಕ್ರ ಆದರೆ ಎರಡು ದೊಡ್ಡ ಸಿ ಕ್ಲಾಂಪ್ ಸಾಕು. ಎದುರುಬದುರಾಗಿ ಹಾಕಿ, ಒಂದು ಸುತ್ತು ಇದು, ಒಂದು ಸುತ್ತು ಅದು ಅಂತ ಬಿಗಿಯುತ್ತಾ ಹೋಗಿ. ಬಿಗಿದು, ಸೋಪಿನ ನೀರು ಹಾಕಿ, ಹೋಗಿ ಊಟ ಮಾಡಿ ಬನ್ನಿ. ಎಷ್ಟೋ ಸಲ ಅದೇ ಬಿಟ್ಟಿರುತ್ತದೆ.

ನವನಗರ_ಬುಲೆಟ್

ಅಕ್ಕಾ, 420 ಕಿಲೋ ಲೆಕ್ಕ ಸರಿನೇ ಇದೆ. ತೊಲೆ ಮುರಿದರೆ?

ಖಾನಾಪುರ_ಕಾಡು

ಅದಕ್ಕೇ ತೊಲೆ ಅಂದಿದ್ದು, ಹಲಗೆ ಅಂದಿಲ್ಲ.

ಜಮಖಂಡಿ_ಕಬ್ಬು

ನಿಮ್ಮ ಸನ್ನೆ, ನಿಮ್ಮ ಜಾಕ್ ಎಲ್ಲಾ ಸರಿ. ನಾನು ಹೇಳಿದ್ದೂ ಕೆಲಸ ಮಾಡುತ್ತದೆ. ಗಾಲಿ ಹತ್ತಿಸುವಾಗ ಪಕ್ಕದಲ್ಲಿ ಒಬ್ಬ ನಿಂತು ಹೇಳಬೇಕು ಅಷ್ಟೇ.

ಉದ್ಯಮಬಾಗ_ಫಿಟ್ಟರ್

ಆ ಪಕ್ಕದಲ್ಲಿ ನಿಂತವನ ಕಾಲಿನ ಬಗ್ಗೆಯೇ ನನ್ನ ಚಿಂತೆ.

ಸ್ಕೂಟರ್_ಮಾಸ್ತರ್

ವಿಷಯಕ್ಕೆ ಸ್ವಲ್ಪ ಹೊರಗೆ, ಆದರೆ ಹೇಳಲೇಬೇಕು. ಸಣ್ಣ ಎಟಿವಿಗಳಲ್ಲಿ ಕೆಲವಕ್ಕೆ ಎರಡು ಹೋಳಿನ ಡಿಸ್ಕ್ ಇರುತ್ತದೆ. ಹಳೇ ಬಜಾಜ್ ಚೇತಕ್, ವೆಸ್ಪಾ ಓಡಿಸಿದವರಿಗೆ ಗೊತ್ತು. ಎರಡು ಅರ್ಧ ಡಿಸ್ಕುಗಳನ್ನು ನಟ್ ಹಾಕಿ ಜೋಡಿಸಿರುತ್ತಾರೆ. ಬಿಚ್ಚಿದರೆ ಟೈರ್ ಸಲೀಸಾಗಿ ಬರುತ್ತದೆ, ಲಿವರೇ ಬೇಡ. ಆದರೆ ಗಾಳಿ ಪೂರ್ತಿ ಇಳಿಸದೆ ಆ ನಟ್ ಮುಟ್ಟಬಾರದು. ಒಳಗಿನ ಒತ್ತಡ ಎರಡೂ ಹೋಳನ್ನು ನೂರಾರು ಕಿಲೋ ಬಲದಲ್ಲಿ ಹೊರಗೆ ತಳ್ಳುತ್ತಿರುತ್ತದೆ. ಕೊನೆಯ ನಟ್ ಸಡಿಲ ಆದಾಗ ಹೋಳು ಹಾರಿ ಎದೆಗೋ ಮುಖಕ್ಕೋ ಬಡಿಯುತ್ತದೆ. ಚಕ್ರವನ್ನು ಗಾಡಿಗೆ ಹಿಡಿಯುವ ನಟ್ ಬೇರೆ, ಹೋಳು ಹಿಡಿಯುವ ನಟ್ ಬೇರೆ. ಮೊದಲು ಯಾವುದು ಯಾವುದು ಅಂತ ನೋಡಿಕೊಳ್ಳಿ.

ಗೋಕಾಕ_ನೀರು

ಚೇತಕ್ ಹೆಸರು ತೆಗೆದಿರಿ. ಸ್ಟೆಪ್ನಿ ಇದ್ದ ಸ್ಕೂಟರು. ಈಗಿನ ಗಾಡಿ ಪಂಕ್ಚರ್ ಆದರೆ ತಳ್ಳಿಕೊಂಡೇ ಬರಬೇಕು.

ಸ್ಕೂಟರ್_ಮಾಸ್ತರ್

ಆ ಸ್ಟೆಪ್ನಿಯಲ್ಲಿ ಗಾಳಿ ಇರುತ್ತಿತ್ತಾ ಅದನ್ನು ಹೇಳಿ ಮೊದಲು 😀

ತಿಕೋಟಾ_ದ್ರಾಕ್ಷಿ

ಬಿಟ್ಟಿತು!! ಟ್ರೇಲರ್ ಕೆಳಗೆ ಜಾಕ್ ಇಟ್ಟು ಮಾಡಿದೆವು. ಮೊದಲ ಜಾಗದಲ್ಲಿ ಏನೂ ಆಗಲಿಲ್ಲ, ಸ್ವಲ್ಪ ತಿರುಗಿಸಿ ಒತ್ತಿದ ಮೇಲೆ ಕರ್ ಅಂತ ಸದ್ದು ಬಂತು, ಬಿಳಿ ಪುಡಿ ಉದುರಿತು. ಅಪ್ಪನಿಗೂ ನಂಬಿಕೆ ಬಂತು. ಈಗ ಒಂದು ಚಕ್ರದ ಎರಡೂ ಬದಿ ಬಿಟ್ಟಿದೆ. ಆದರೆ ಟೈರ್ ಡಿಸ್ಕಿನ ಮೇಲಿಂದ ಹೊರಗೆ ಬರುತ್ತಿಲ್ಲ. ಎರಡು ಲಿವರ್ ಹಾಕಿ ಇಬ್ಬರು ಜಗ್ಗಿದರೂ ಆಗುತ್ತಿಲ್ಲ.

ಹಳೇ_ಪಂಕ್ಚರ್_ಅಂಗಡಿ

ಜಗ್ಗೋದು ನಿಲ್ಲಿಸಿ. ಇಲ್ಲಿ ಬಲ ಬೇಡ, ಜಾಗ ಬೇಕು.

ಡಿಸ್ಕಿನ ಒಳಗೆ ನೋಡಿ, ನಡುವೆ ತಗ್ಗು ಇದೆ. ಆ ತಗ್ಗು ಒಂದು ಬದಿಗೆ ಹತ್ತಿರ ಇರುತ್ತದೆ. ಆ ಬದಿಯನ್ನೇ ಮೇಲೆ ಮಾಡಿ ಮಲಗಿಸಿ. ಬಿಚ್ಚುವುದೂ ಆ ಬದಿಯಿಂದ, ಹೊಸದು ಹಾಕುವುದೂ ಆ ಬದಿಯಿಂದ. ತಂತಿ ಹಿಗ್ಗಲ್ಲ ಅಂತ ಫಿಟ್ಟರ್ ಹೇಳಿದರಲ್ಲ, ಹಾಗಾದರೆ ಒಂದು ಕಡೆ ಡಿಸ್ಕಿನ ಅಂಚು ದಾಟಬೇಕು ಅಂದರೆ ಎದುರು ಕಡೆ ಸಡಿಲ ಸಿಗಬೇಕು. ಆ ಸಡಿಲ ಸಿಗುವುದು ತಗ್ಗಿನಲ್ಲಿ. ಎದುರು ಕಡೆ ಬೀಡನ್ನು ಮೊಣಕಾಲಲ್ಲಿ ಒತ್ತಿ ತಗ್ಗಿಗೆ ಇಳಿಸಿ. ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ಮೇಲೆ ಏರುತ್ತದೆ. ಈಗ ಈ ಕಡೆ ಲಿವರ್ ಹಾಕಿ. ಸ್ವಲ್ಪ ಸ್ವಲ್ಪವೇ ಎತ್ತಿ, ನಾಲ್ಕು ಬೆರಳಿನ ಅಂತರಕ್ಕೆ ಇನ್ನೊಂದು ಲಿವರ್. ದೂರ ದೂರ ಹಾಕಿದರೆ ಅದು ಸತ್ತರೂ ಏಳಲ್ಲ.

ಮೊದಲ ಬೀಡ್ ಹೊರಗೆ ಬಂದ ಮೇಲೆ ಟೈರನ್ನು ಮೇಲಕ್ಕೆ ಎಳೆದುಕೊಂಡು ಕೆಳಗಿನ ಬೀಡನ್ನೂ ಅದೇ ಬದಿಯಿಂದ ತೆಗೆಯಿರಿ. ಲಿವರಿನ ಕೆಳಗೆ ಹಳೇ ಟ್ಯೂಬಿನ ತುಂಡೋ, ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿದ ತುಂಡೋ ಇಡಿ. ಡಿಸ್ಕಿಗೆ ಗೀರು ಬೀಳಲ್ಲ.

ಮುಧೋಳ_ಹುಲಿ

ಕಾಕಾ ಅವರಿಗೆ ಒಂದು ಚಹಾ.

ತಿಕೋಟಾ_ದ್ರಾಕ್ಷಿ

ಚಹಾ ಏನು, ದ್ರಾಕ್ಷಿ ಬಂದಾಗ ಒಂದು ಕ್ರೇಟ್ ಇಟ್ಟಿರ್ತೀನಿ. ತಗ್ಗಿಗೆ ಇಳಿಸಿದ ಮೇಲೆ ನಾನೊಬ್ಬನೇ ತೆಗೆದೆ ಕಾಕಾ. ಬೆಳಗಾವಿಯ ಫಿಟ್ಟರ್ ಅಣ್ಣನೂ ಬನ್ನಿ. ಬರುವಾಗ ಕುಂದಾ ತನ್ನಿ.

ಉದ್ಯಮಬಾಗ_ಫಿಟ್ಟರ್

ಉದ್ಯಮಬಾಗದಲ್ಲಿ ಎರಕ, ಲೇತ್, ಪಂಪು ಸಿಗುತ್ತವೆ. ಕುಂದಾ ಬೇಕಾದರೆ ಪೇಟೆಗೆ ಹೋಗಬೇಕು. ತರ್ತೀನಿ ಬಿಡಿ.

ಹೊಸದು ಹಾಕುವ ಮೊದಲು ಡಿಸ್ಕ್ ಚೊಕ್ಕ ಮಾಡಿ. ಬೀಡ್ ಕೂರುವ ಜಾಗದ ಬಿಳಿ ಪುಡಿಯನ್ನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಆಮೇಲೆ ನಯವಾದ ಪಾಲಿಶ್ ಪೇಪರ್ ಹಾಕಿ ತೆಗೆಯಿರಿ. ಅಲ್ಯೂಮಿನಿಯಂಗೆ ಗ್ರೈಂಡರಿನ ವೈರ್ ಬ್ರಷ್ ಹಾಕಬೇಡಿ, ಗುಳಿ ಇನ್ನೂ ಆಳ ಆಗುತ್ತದೆ. ಗುಳಿ ಜಾಸ್ತಿ ಇದ್ದರೆ ಬೀಡ್ ಸೀಲರ್ ಅಂತ ಕಪ್ಪು ದ್ರವ ಸಿಗುತ್ತದೆ, ಟೈರ್ ಅಂಗಡಿಗಳಲ್ಲಿ ಕೇಳಿ. ಗಾಳಿ ಹಾಕುವ ರಬ್ಬರ್ ವಾಲ್ವನ್ನೂ ಈಗಲೇ ಬದಲಿಸಿ. ಅದೊಂದಕ್ಕೆ ಇಷ್ಟೆಲ್ಲ ಮತ್ತೆ ಬಿಚ್ಚೋದು ಬೇಡ.

ಟೈರಿನ ಪಕ್ಕದಲ್ಲಿ ಬಾಣದ ಗುರುತು ಇದ್ದರೆ ತಿರುಗುವ ದಿಕ್ಕು ನೋಡಿ ಹಾಕಿ. ಎಡದ್ದು ಬಲಕ್ಕೆ ಹೋದರೆ ಕೆಸರು ಹಿಡಿಯಲ್ಲ.

ಖಾನಾಪುರ_ಕಾಡು

ನಿಮ್ಮದು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಆದರೆ ಮುಂದೆ ಸವೆದ ಟೈರ್, ಹಿಂದೆ ಹೊಸದು ಇದ್ದಾಗ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಬೇಡಿ. ಸುತ್ತಳತೆ ವ್ಯತ್ಯಾಸ ಆದರೆ ಗೇರು, ಶಾಫ್ಟುಗಳ ಮೇಲೆ ಎಳೆತ ಬೀಳುತ್ತದೆ. ಕೆಸರಲ್ಲಿ ಪರವಾಗಿಲ್ಲ, ಅಲ್ಲಿ ಚಕ್ರ ಜಾರಿ ಸರಿಹೋಗುತ್ತದೆ.

ತಿಕೋಟಾ_ದ್ರಾಕ್ಷಿ

ಹೊಸ ಟೈರ್ ಡಿಸ್ಕಿನೊಳಗೆ ಹೋಯಿತು. ಈಗ ಗಾಳಿ ಹಾಕಿದರೆ ಸುತ್ತಲೂ ಸುಯ್ ಅಂತ ಹೋಗುತ್ತಿದೆ. ಸಣ್ಣ ಕಂಪ್ರೆಸರ್‌ಗೆ ತುಂಬೋಕೆ ಆಗುತ್ತಿಲ್ಲ.

ಮುಧೋಳ_ಹುಲಿ

ಈಗ ಮಾತ್ರ ಬೆಂಕಿನೇ! ಪೆಟ್ರೋಲ್ ಚಿಮುಕಿಸಿ ಕಡ್ಡಿ ಗೀರಿದರೆ ಢಂ ಅಂತ ಕೂರುತ್ತದೆ. ವಿಡಿಯೊ ನೋಡಿದ್ದೀನಿ, ತಮಾಷೆ ಅಲ್ಲ.

ಹಳೇ_ಪಂಕ್ಚರ್_ಅಂಗಡಿ

ವಿಡಿಯೊದಲ್ಲಿ ಕೈ ಸುಟ್ಟುಕೊಂಡವರನ್ನು ತೋರಿಸಲ್ಲ. ಎಷ್ಟು ಒತ್ತಡ ಬರುತ್ತದೆ ಅನ್ನೋದು ನಮ್ಮ ಕೈಯಲ್ಲಿ ಇರಲ್ಲ. ಬೇಡ.

ತಿಕೋಟಾದವರೇ, ಟೈರಿನ ನಡು ಹಲ್ಲಿನ ಮೇಲೆ ಸುತ್ತ ಬೆಲ್ಟ್ ಹಾಕಿ ಬಿಗಿಯಿರಿ. ಲಗೇಜ್ ಕಟ್ಟುವ ರಾಟ್ಚೆಟ್ ಬೆಲ್ಟ್ ಆದರೆ ಉತ್ತಮ. ಇಲ್ಲದಿದ್ದರೆ ಗಟ್ಟಿ ಹಗ್ಗ ಸುತ್ತಿ ನಡುವೆ ಕೋಲು ಹಾಕಿ ತಿರುವಿ. ನಡು ಒಳಗೆ ಹೋದರೆ ಎರಡೂ ಅಂಚು ಹೊರಗೆ ಬಂದು ಡಿಸ್ಕಿಗೆ ತಾಗುತ್ತವೆ. ಬೀಡಿಗೆ ಸೋಪಿನ ನೀರು ಹಚ್ಚಿ. ವಾಲ್ವ್ ಪಿನ್ ತೆಗೆದೇ ಗಾಳಿ ಹಾಕಿ, ಆಗ ಗಾಳಿ ಬೇಗ ನುಗ್ಗುತ್ತದೆ. ಗಾಳಿ ಹಿಡಿಯೋಕೆ ಶುರು ಆದ ಕೂಡಲೇ ಬೆಲ್ಟ್ ಸಡಿಲಿಸಿ. ಟಪ್ ಟಪ್ ಅಂತ ಎರಡು ಸದ್ದು ಬರುತ್ತದೆ, ಬದಿಗೆ ಒಂದು.

ಬೀಡ್ ಕೂರಿಸಲು ಗರಿಷ್ಠ ಎಷ್ಟು ಗಾಳಿ ಅನ್ನೋದು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಅದನ್ನು ದಾಟಬೇಡಿ. ಅಲ್ಲಿಗೂ ಕೂರದಿದ್ದರೆ ಗಾಳಿ ಇಳಿಸಿ, ಮತ್ತೆ ಸೋಪು ಹಚ್ಚಿ, ಮೊದಲಿಂದ ಮಾಡಿ. ಇನ್ನೊಂದು ಚೂರು ಹಾಕೋಣ ಅಂತ ಬಗ್ಗಿ ನೋಡುವಾಗಲೇ ಸಿಡಿಯೋದು.

ನವನಗರ_ಬುಲೆಟ್

ಇದರ ಲೆಕ್ಕ ನಾನು ಹೇಳ್ತೀನಿ. 12 ಇಂಚಿನ ವೃತ್ತ ಅಂದರೆ ಸುಮಾರು 113 ಚದರ ಇಂಚು. 30 ಪಿಎಸ್‌ಐ ಅಂದರೆ ಅಷ್ಟು ಜಾಗದ ಮೇಲೆ 3,400 ಪೌಂಡ್, ಅಂದರೆ ಒಂದೂವರೆ ಟನ್. ಬರೀ ಡಿಸ್ಕಿನಷ್ಟು ಜಾಗಕ್ಕೇ ಇಷ್ಟು, ಟೈರ್ ಅದಕ್ಕಿಂತ ದೊಡ್ಡದು. ಕಾಕಾ ಹೇಳಿದ್ದು ಕೇಳಿ.

ತಿಕೋಟಾ_ದ್ರಾಕ್ಷಿ

ಬೆಲ್ಟ್ ಹಾಕಿದ ಮೇಲೆ ಕೂತಿತು. ಈಗ ಎಷ್ಟು ಇಡಲಿ? ಬಂಕಿನಲ್ಲಿ 5 ಹಾಕಿ ಅಂದರೆ ನಗುತ್ತಾರೆ.

ಉದ್ಯಮಬಾಗ_ಫಿಟ್ಟರ್

ಗಾಡಿಯ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬರೆದಷ್ಟು. ಬಂಕಿನ ಗೇಜ್, ಕಾರಿನ ಗೇಜ್ ಎರಡೂ ಅಷ್ಟು ಕೆಳಗೆ ಸರಿಯಾಗಿ ತೋರಿಸಲ್ಲ. 0ರಿಂದ 15 ಪಿಎಸ್‌ಐ ಅಳೆಯುವ ಸಣ್ಣ ಗೇಜ್ ಬೇರೆ ತಗೊಳ್ಳಿ. 5 ಇರಬೇಕಾದಲ್ಲಿ 8 ಆದರೆ ಅರ್ಧಕ್ಕಿಂತ ಜಾಸ್ತಿ ವ್ಯತ್ಯಾಸ ಅಲ್ವಾ.

ಇಂಡಿ_ನಿಂಬೆ

ಇಷ್ಟು ಕಷ್ಟಪಟ್ಟು ಹಾಕಿದ್ದೀರಿ. ಜಾಲಿ ಮುಳ್ಳಿಗೆ ಏನು ಮಾಡ್ತೀರಿ? ಬದುವಿನ ತುಂಬ ಅದೇ ಇದೆ. ಟ್ಯೂಬ್ ಹಾಕಿಬಿಡಿ, ತಲೆನೋವು ಇಲ್ಲ.

ಖಾನಾಪುರ_ಕಾಡು

ಟ್ಯೂಬ್ ಹಾಕಿದರೆ ಮುಳ್ಳಿಗೆ ಇನ್ನೂ ಬೇಗ ಗಾಳಿ ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಅಲ್ಲೇ ಕೂತರೆ ನಿಧಾನ ಇಳಿಯುತ್ತದೆ, ಮನೆ ಮುಟ್ಟಬಹುದು. ಜೊತೆಗೆ 5 ಪಿಎಸ್‌ಐನಲ್ಲಿ ಟೈರ್ ಡಿಸ್ಕಿನ ಮೇಲೆ ಸ್ವಲ್ಪ ಜರುಗಿದರೂ ಟ್ಯೂಬಿನ ವಾಲ್ವ್ ಬುಡ ಕಿತ್ತು ಬರುತ್ತದೆ.

ಇಂಡಿ_ನಿಂಬೆ

ಹಾಗಾದರೆ ಒಳಗೆ ಹಾಕುವ ಜೆಲ್ಲು?

ಬಬಲೇಶ್ವರ_ಮಣೂಕ

ಜೆಲ್ ನಾವು ಹಾಕಿದ್ದೇವೆ. ಸಣ್ಣ ಮುಳ್ಳಿಗೆ ನಿಜವಾಗಲೂ ಕೆಲಸ ಮಾಡುತ್ತದೆ. ಆದರೆ ಮುಂದೆ ಟೈರ್ ಬಿಚ್ಚುವವನ ಶಾಪ ಗ್ಯಾರಂಟಿ, ಕೈಯೆಲ್ಲ ಅಂಟು. ನೀರಿನಂಶ ಇರುವ ಜೆಲ್ ವರ್ಷಗಟ್ಟಲೆ ಕೂತರೆ ಕಬ್ಬಿಣದ ಡಿಸ್ಕಿಗೆ ಒಳಗಿಂದ ತುಕ್ಕು. ನನ್ನ ಕೇಳಿದರೆ ಬದುವಿನ ಜಾಲಿ ಕಡಿಸೋದೇ ಅಗ್ಗ.

ಜಮಖಂಡಿ_ಕಬ್ಬು

ಜಾಲಿ ಕಡಿಸಿದರೆ ಮುಂದಿನ ಮಳೆಗೆ ಎರಡರಷ್ಟು ಚಿಗುರುತ್ತದೆ. ಬುಡ ಸಮೇತ ಕೀಳಿಸಬೇಕು, ಜೆಸಿಬಿ ಬಾಡಿಗೆ ಕೇಳಿ ನೋಡಿ ಆಮೇಲೆ ಅಗ್ಗ ಅನ್ನಿ.

ಸ್ಕೂಟರ್_ಮಾಸ್ತರ್

ಇನ್ನೊಂದು. ಹೊಸ ಟೈರ್ ಬಂತು ಅಂತ ಅಥಣಿ ರಸ್ತೆಗೆ ಇಳಿಸಬೇಡಿ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ರಸ್ತೆ ನೋಂದಣಿ ಇರಲ್ಲ, ವಿಮೆಯೂ ಇರಲ್ಲ. 5 ಪಿಎಸ್‌ಐ ಟೈರ್ ಡಾಂಬರಿನ ಮೇಲೆ ವೇಗವಾಗಿ ತಿರುಗಲೂ ಆಗಲ್ಲ.

ತಿಕೋಟಾ_ದ್ರಾಕ್ಷಿ

ತೋಟ ಬಿಟ್ಟು ಹೋಗಲ್ಲ ಮಾಸ್ತರೇ. ಎರಡನೇ ಚಕ್ರ ನಾಳೆ. ಹಳೇ ಟೈರ್ ಯಾರಿಗಾದರೂ ಬೇಕಾ?

ಗೋಕಾಕ_ನೀರು

ಬಯಲಲ್ಲಿ ಮಾತ್ರ ಬಿಡಬೇಡಿ. ಮಳೆ ನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಆಶಾ ಕಾರ್ಯಕರ್ತೆಯರು ಬಂದು ಬೈದು ಹೋಗ್ತಾರೆ.

ಮುಧೋಳ_ಹುಲಿ

ನನಗೆ ಒಂದು ಇಡಿ. ನಾಯಿಮರಿಗೆ ಹಾಸಿಗೆ ಮಾಡ್ತೀನಿ. ಸುಡಲ್ಲ, ಆಣೆ.

ಜಮಖಂಡಿ_ಕಬ್ಬು

ಎರಡನೇ ಚಕ್ರಕ್ಕೆ ಟ್ರ್ಯಾಕ್ಟರ್ ಗಾಲಿ ಹತ್ತಿಸಿ ನೋಡಿ ಅಂತ ನಾನು ಈಗಲೂ ಹೇಳ್ತೀನಿ.

ಹಳೇ_ಪಂಕ್ಚರ್_ಅಂಗಡಿ

ನಿನ್ನ ಗಾಡಿಯ ಡಿಸ್ಕಿಗೆ ಹತ್ತಿಸು ತಮ್ಮಾ, ಅವರದಕ್ಕೆ ಬೇಡ.